ಎಂಬತ್ತೆಂಟರಲ್ಲಿ ನಿಂತ ನನ್ನ ನಾಡಿ

ನನಗೊಂದು ವಿದ್ಯೆ ಗೊತ್ತು. ಎದುರಿಗೆ ಕೂತವರು ಎಷ್ಟು ಹೊತ್ತು ಮಾತಾಡಿದರೂ ಅದರಲ್ಲಿ ಒಂದಕ್ಷರವನ್ನೂ ತಲೆಗೆ ಹಾಕಿಕೊಳ್ಳದೆ, ಅವರು ಉಸಿರು ತೆಗೆದುಕೊಳ್ಳುವ ಜಾಗ ನೋಡಿ 'ಹೂಂ' ಅನ್ನುವುದು. ಸುಲಭ ಅಂದುಕೊಳ್ಳಬೇಡಿ. ದುಃಖದ ವಿಷಯಕ್ಕೊಂದು ಹೂಂ, ನೆಂಟರ ವಿಷಯಕ್ಕೊಂದು ಹೂಂ, ತರಕಾರಿ ವಿಷಯಕ್ಕೊಂದು ಹೂಂ, ಎಲ್ಲದಕ್ಕೂ ಬೇರೆ ಬೇರೆ ರಾಗ ಇದೆ. ಹದಿನೈದು ವರ್ಷದ ಸಂಸಾರದಲ್ಲಿ ಸಾಧನೆ ಮಾಡಿ ಕಲಿತದ್ದು. ಒಂದು ಸಲ ಹೆಂಡತಿ ವಿಮಲ ಏನೋ ಹೇಳಿದಳು, ನಾನು ಪೇಪರ್ ಓದುತ್ತಾ ಹೂಂ ಅಂದೆ, ಮರುದಿನ ಬೆಳಗ್ಗೆ ಎದ್ದು ನೋಡಿದರೆ ಮನೆ ಮುಂದೆ ನನ್ನ ಸ್ಕೂಟರೇ ಇಲ್ಲ. "ತಮ್ಮನಿಗೆ ಒಂದು ವಾರಕ್ಕೆ ಕೊಡ್ಲಾ ಅಂತ ಕೇಳಿದ್ನಲ್ಲ, ನೀವೇ ಹೂಂ ಅಂದ್ರಿ" ಅಂದಳು. ಆ ವಾರ ಪೂರ್ತಿ ಬಸವೇಶ್ವರನಗರದ ಮನೆಯಿಂದ ರಾಜಾಜಿನಗರದ ಆಫೀಸಿಗೆ ನಡೆದುಕೊಂಡೇ ಹೋದೆ. ಆದರೂ ವಿದ್ಯೆ ಬಿಡಲಿಲ್ಲ. ಬಿಡದೇ ಇದ್ದದ್ದು ಹೋಗಲಿ, ನನಗೇ ಗೊತ್ತಿಲ್ಲದ ಹಾಗೆ ಅದನ್ನೊಂದು ಕಂಪ್ಯೂಟರಿಗೂ ಕಲಿಸಿಬಿಟ್ಟಿದ್ದೆ. ಆ ಕಥೆ ಹೇಳೋಣ ಅಂತಲೇ ಕೂತಿದ್ದೀನಿ.

ಮೊಬೈಲಿಗೆ ಬರುವ ಕರೆಗೂ ಕಾಸು ಹೋಗುತ್ತಿದ್ದದ್ದು ಆಗಷ್ಟೇ ನಿಂತ ಕಾಲ. ನಮ್ಮ ಆಫೀಸು ಅಂದರೆ ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಒಂದು ಶೀಟಿನ ಶೆಡ್ಡು. ಯಜಮಾನರು ರಂಗನಾಥ್ ಸಾರ್. ಮೊದಲು ಮನೆಗಳಿಗೆ ಸ್ಟೆಬಿಲೈಸರ್ ಮಾಡಿ ಮಾರುತ್ತಿದ್ದರು, ಅದನ್ನು ಕೇಳುವವರು ಕಮ್ಮಿಯಾದ ಮೇಲೆ ಆಸ್ಪತ್ರೆಯ ಯಂತ್ರಗಳಿಗೆ ಕೈ ಹಾಕಿದರು. ರೋಗಿಯ ಹಾಸಿಗೆ ಪಕ್ಕ ಒಂದು ಪೆಟ್ಟಿಗೆ, ಅದರಿಂದ ಬೆರಳಿಗೊಂದು ಕ್ಲಿಪ್ಪು. ಪೆಟ್ಟಿಗೆ ಸೆಕೆಂಡಿಗೊಂದು ಸಲ ನಾಡಿಬಡಿತವನ್ನು ವೈರಿನ ಮೂಲಕ ನರ್ಸಮ್ಮನ ಮೇಜಿನ ಕಂಪ್ಯೂಟರಿಗೆ ಕಳಿಸುತ್ತದೆ. ನರ್ಸಮ್ಮ ಕೂತಲ್ಲೇ ಹತ್ತು ಹಾಸಿಗೆ ನೋಡಬಹುದು. ಪೆಟ್ಟಿಗೆ ಮಾಡಿದವರು ಬೇರೆ, ಕಂಪ್ಯೂಟರಿನಲ್ಲಿ ಅದನ್ನು ಬರಮಾಡಿಕೊಳ್ಳುವ ಪ್ರೋಗ್ರಾಂ ಬರೆದವನು ನಾನು. ವಿಜಯನಗರದ ಒಂದು ನರ್ಸಿಂಗ್ ಹೋಮ್‌ನ ಡಾಕ್ಟರು ನೋಡೋಣ ತನ್ನಿ ಅಂದಿದ್ದರು. ಅವರು ಒಪ್ಪಿದರೆ ಶೆಡ್ಡು ಉಳಿಯುತ್ತೆ, ಒಪ್ಪದಿದ್ದರೆ ಯುಗಾದಿಗೆ ಬಾಗಿಲು ಹಾಕ್ತೀನಿ ಅಂತ ಸಾರ್ ಶೆಡ್ಡಿನಲ್ಲಿದ್ದ ನಮ್ಮ ಎಂಟು ಜನರನ್ನೂ ನಿಲ್ಲಿಸಿಕೊಂಡು ಹೇಳಿದ್ದರು. ನನಗಾಗ ನಲವತ್ತೆರಡು. ಗಾಜಿನ ಆಫೀಸುಗಳಿಗೆ ಇಂಟರ್‌ವ್ಯೂಗೆ ಹೋದರೆ ಪ್ರಶ್ನೆ ಕೇಳುವ ಹುಡುಗ ನನ್ನನ್ನು ಯಾರದೋ ತಂದೆ ಅಂದುಕೊಂಡು ಎದ್ದು ನಿಲ್ಲುತ್ತಿದ್ದ. ಶೆಡ್ಡು ಮುಚ್ಚಿದರೆ ನನ್ನ ಗತಿ ಏನು ಅಂತ ಯೋಚಿಸುವುದಕ್ಕೇ ಹೆದರಿಕೆ ಆಗುತ್ತಿತ್ತು.

ಇದರ ಮೇಲೆ ರಂಗನಾಥ್ ಸಾರ್‌ದೊಂದು ಕಟ್ಟಳೆ: ಮಾಡಿದವನೇ ಮೊದಲು ಮುಟ್ಟಬೇಕು. ಸ್ಟೆಬಿಲೈಸರ್ ಕಾಲದಲ್ಲಿ ಡಬ್ಬ ಜೋಡಿಸಿದವನೇ ಸ್ವಿಚ್ಚು ಹಾಕಿ ಅದರ ಮೇಲೆ ಕೈ ಇಡಬೇಕಿತ್ತಂತೆ. "ಶಾಕ್ ಹೊಡೆದ್ರೆ ಅವನಿಗೇ ಹೊಡೀಲಿ, ಮುಂದಿನ ಸಲ ನೆಟ್ಟಗೆ ಮಾಡ್ತಾನೆ." ಅದೇ ಕಟ್ಟಳೆ ಆಸ್ಪತ್ರೆಗೂ ಬಂತು. "ನೀನು ಬರೆದದ್ದು ಕಣಯ್ಯಾ, ನೀನೇ ಮಲಗು."

ಹಾಗಾಗಿ ಅವತ್ತು ಬೆಳಗ್ಗೆ ಹತ್ತೂವರೆಗೆ, ಒಳ್ಳೆ ಗಟ್ಟಿಮುಟ್ಟಾಗಿದ್ದ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ವಾರ್ಡಿನ ಹಾಸಿಗೆ ಮೇಲೆ ಅಂಗಾತ ಮಲಗಿದ್ದೆ. ಬೆರಳಿಗೆ ಕ್ಲಿಪ್ಪು ಹಾಕಿದವರು ಹೆಡ್ ನರ್ಸ್ ಶಾಂತವ್ವ. ಗದಗದ ಕಡೆಯವರು, ಆ ನರ್ಸಿಂಗ್ ಹೋಮ್ ಶುರುವಾದಾಗಿಂದ ಇದ್ದವರು. ಡಾಕ್ಟರು, ಸಾರ್ ಇಬ್ಬರೂ ಪಕ್ಕದ ಕೋಣೆಯಲ್ಲಿ ಪರದೆ ಮುಂದೆ. ನನಗೆ ಕಾಣುವುದು ಮೇಲಿನ ಫ್ಯಾನು ಮಾತ್ರ. ಗೋಡೆಯಾಚೆಯಿಂದ ಸಾರ್ ಧ್ವನಿ ಬರುತ್ತಿತ್ತು, "ನೋಡಿ ಡಾಕ್ಟ್ರೇ, ಎಪ್ಪತ್ತೆಂಟು, ಎಪ್ಪತ್ತೊಂಬತ್ತು..." ಆಮೇಲೆ ಆ ಧ್ವನಿ ನಿಂತಿತು. ಮರುಕ್ಷಣ ಕಿರ್ರೋ ಅಂತ ಅಲಾರಂ. "ಅಯ್ಯೋ, ಏಳು! ಏಳಕ್ಕಿಳಿದಿದೆ!" ಅಂತ ಸಾರ್ ಕೂಗಿದರು.

ನಿಜ ಹೇಳ್ತೀನಿ, ಪ್ರೋಗ್ರಾಂ ತಪ್ಪಿರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ನಾನೇ ಸಾಯ್ತಾ ಇರಬೇಕು ಅನ್ನಿಸಿತು. ಮೂರು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಬರೆದದ್ದು, ಅದು ಸುಳ್ಳು ಹೇಳುತ್ತದೆಯೇ? ಕೈಕಾಲು ತಣ್ಣಗಾದವು. ವಿಮಲಳಿಗೆ ಫೋನ್ ಮಾಡಿ ಅನ್ನೋಣ ಅಂದರೆ ನಾಲಿಗೆ ಏಳಲಿಲ್ಲ. ಡಾಕ್ಟರು ಓಡಿ ಬಂದರು, ಹಿಂದೆ ಸಾರ್ ಓಡಿ ಬಂದರು, ಯಾರೋ ಆಕ್ಸಿಜನ್ ಸಿಲಿಂಡರ್ ಉರುಳಿಸಿಕೊಂಡು ಬಂದರು. ಶಾಂತವ್ವ ಒಬ್ಬರೇ ಓಡಲಿಲ್ಲ. ನನ್ನ ಮಣಿಕಟ್ಟು ಹಿಡಿದು, ಕೈಗಡಿಯಾರ ನೋಡಿ, "ಇವ್ರು ಚಲೋ ಅದಾರ್ರೀ. ನಿಮ್ಮ ಟೀವಿಗೇ ಏನೋ ಆಗೈತಿ" ಅಂದರು.

ಮಾನ ಹೋಯಿತು. ಡಾಕ್ಟರು ಒಳ್ಳೆಯವರು, "ನಾಲ್ಕು ಗಂಟೆವರೆಗೆ ಟೈಮ್ ತಗೊಳ್ಳಿ. ನಾಳೆ ಬೇರೆ ಕಂಪನಿಯವರು ಬರ್ತಿದ್ದಾರೆ" ಅಂದರು. ಸಾರ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ತಪ್ಪು ಸಿಕ್ಕಲು ಎರಡು ಗಂಟೆ ಹಿಡಿಯಿತು. ವೈರಿನಲ್ಲಿ ಬರುವ ಮಾಹಿತಿ ಪ್ರೋಗ್ರಾಮಿನೊಳಗೆ ಬರಲು ಒಂದು ಬಾಗಿಲಿದೆ, ಅದಕ್ಕೆ ಸಾಕೆಟ್ ಅಂತ ಹೆಸರು. 'ರಿಸೀವ್' ಅಂತ ಆಜ್ಞೆ ಕೊಟ್ಟರೆ ಬಂದದ್ದನ್ನು ಅದು ನಮ್ಮ ಕೈಗೆ ಕೊಡುತ್ತದೆ. ಪೆಟ್ಟಿಗೆ ಒಂದೇ ಸಲ ಕಳಿಸಿದ್ದು ಒಂದೇ ಸಲ ಕೈಗೆ ಬರುತ್ತದೆ ಅಂತ ನಾನು ನಂಬಿದ್ದೆ. ಅದು ಹಾಗಲ್ಲ, ನಮ್ಮ ಬಡಾವಣೆಯ ನಲ್ಲಿ ನೀರಿನ ಹಾಗೆ. ಅಲ್ಲಿಂದ ಬಿಂದಿಗೆಗಟ್ಟಲೆ ಬಿಟ್ಟಿರಬಹುದು, ಇಲ್ಲಿ ಒಮ್ಮೆ ಧೋ ಅಂತ ಬರುತ್ತೆ, ಒಮ್ಮೆ ತೊಟ್ಟು ತೊಟ್ಟು. ಬಿಂದಿಗೆ ತುಂಬುವ ತನಕ ಹಿಡಿದು ನಿಲ್ಲುವುದು ಹಿಡಿಯುವವನ ಕೆಲಸ. ಶೆಡ್ಡಿನಲ್ಲಿ ಎರಡೂ ಯಂತ್ರ ಒಂದೇ ಮೇಜಿನ ಮೇಲೆ, ಮೊಳದುದ್ದದ ವೈರು, ಎಲ್ಲ ಇಡಿಯಾಗಿ ಬರುತ್ತಿತ್ತು. ಇಲ್ಲಿ ವೈರು ಗೋಡೆ ಹಾದು, ನಡುವೆ ವೈರುಗಳನ್ನು ಕೂಡಿಸುವ ಯಾವುದೋ ಹಳೇ ಡಬ್ಬಕ್ಕೆ ಹೊಕ್ಕು ಹೊರಡಬೇಕು. 'ಎಪ್ಪತ್ತೊಂಬತ್ತು' ಅಂತ ಕಳಿಸಿದ್ದರಲ್ಲಿ ಮೊದಲು ಬರೀ ಏಳರ ಅಂಕಿ ಬಂದಿದೆ, ಒಂಬತ್ತು ಹಿಂದೆ ಬರುತ್ತಿದೆ. ನನ್ನ ಪ್ರೋಗ್ರಾಮು ಅಷ್ಟಕ್ಕೇ ಎದ್ದು ಓಡಿ 'ಏಳು' ಅಂತ ಬೊಬ್ಬೆ ಹೊಡೆದಿದೆ. ಪ್ರತಿ ಸುದ್ದಿಯ ಕೊನೆಗೆ ಪೆಟ್ಟಿಗೆ ಒಂದು ಗುರುತು ಕಳಿಸುತ್ತದೆ, ಆ ಗುರುತು ಬರುವ ತನಕ ಕೂಡಿಸಿಟ್ಟುಕೊಳ್ಳುವ ಹಾಗೆ ತಿದ್ದಿದೆ. ಗಡಿಬಿಡಿಯಲ್ಲಿ ಒಂದೇ ಸಾಲನ್ನು ನಾಲ್ಕು ಸಲ ಟೈಪ್ ಮಾಡಿದೆ.

ನಾಲ್ಕು ಗಂಟೆಗೆ ಮತ್ತೆ ಹಾಸಿಗೆ. ಮತ್ತೆ ಕ್ಲಿಪ್ಪು, ಮತ್ತೆ ಅದೇ ಫ್ಯಾನು. ಎದೆ ಡವಡವ ಅನ್ನುವುದು ಕಿವಿಗೇ ಕೇಳಿಸುತ್ತಿತ್ತು. ಗೋಡೆಯಾಚೆ ಸಾರ್ ಎಣಿಸುತ್ತಿದ್ದರು, "ಎಂಬತ್ತಾರು... ಎಂಬತ್ತೇಳು... ಎಂಬತ್ತೆಂಟು." ಐದು ನಿಮಿಷ ಹೋಯಿತು, ಹತ್ತು ನಿಮಿಷ ಹೋಯಿತು, ಅಲಾರಂ ಇಲ್ಲ. ಡಾಕ್ಟರು ನಕ್ಕದ್ದು ಕೇಳಿಸಿತು. ಸದ್ಯ, ಬದುಕಿಕೊಂಡೆ ಅಂತ ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟರೆ ಶಾಂತವ್ವ ಪಕ್ಕದಲ್ಲಿ ನಿಂತಿದ್ದಾರೆ. ಬಗ್ಗಿ, ಗೋಡೆಯಿಂದ ಪೆಟ್ಟಿಗೆಯ ಪ್ಲಗ್ ಕಿತ್ತರು. ಪೆಟ್ಟಿಗೆಯ ದೀಪ ಆರಿತು. ನನ್ನ ಬೆರಳಿನ ಕ್ಲಿಪ್ಪನ್ನೂ ತೆಗೆದರು. "ಏಳ್ರಿ ಸರ, ಸುಮ್ನ ನನ್ನ ಹಿಂದ ಬರ್ರಿ. ಮಾತಾಡಬ್ಯಾಡ್ರಿ" ಅಂದರು. ಹೋದೆ. ಪಕ್ಕದ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದರು. ಡಾಕ್ಟರು, ಸಾರ್ ನಮಗೆ ಬೆನ್ನು ಹಾಕಿ ಕೂತಿದ್ದಾರೆ. ಪರದೆಯ ಮೇಲೆ ಹಸಿರು ಬಣ್ಣದಲ್ಲಿ, ಒಂಚೂರೂ ಅಲುಗದೆ, ಎಂಬತ್ತೆಂಟು.

ಏನಾಗಿದೆ ಅಂತ ಆ ಕ್ಷಣವೇ ಗೊತ್ತಾಯಿತು. 'ರಿಸೀವ್' ಅಂತ ಕೇಳಿದ ಪ್ರೋಗ್ರಾಮು, ಆಚೆಯಿಂದ ಏನಾದರೂ ಬರುವ ತನಕ ಕಾಯುತ್ತದೆ. ಎಷ್ಟು ಹೊತ್ತು ಕಾಯಬೇಕು ಅಂತ ನಾನು ಹೇಳಿರಲಿಲ್ಲ. ಆಚೆ ಕಡೆಯದು 'ಹೋಗಿ ಬರ್ತೀನಿ' ಅಂತ ಹೇಳದೆ ಹೊರಟುಹೋದರೆ, ಇದು ಯುಗಾಂತ್ಯದವರೆಗೆ ಕಾಯುತ್ತದೆ. ಅಷ್ಟು ಹೊತ್ತೂ ಪರದೆಯ ಮೇಲೆ ಕೊನೆಗೆ ಬಂದ ಅಂಕಿ ಹಾಗೇ ಇರುತ್ತದೆ. ಕೇಳಿಸಿಕೊಳ್ಳದೆಯೇ ಹೂಂ ಹೂಂ ಅನ್ನುತ್ತಿದೆ! ಬೆಳಗ್ಗೆಯ ತಪ್ಪು ಬದುಕಿದ್ದವನನ್ನು ಸಾಯಿಸಿತ್ತು, ನಗಬಹುದು. ಈ ತಪ್ಪು ಸತ್ತವನನ್ನು ಕ್ಷೇಮವಾಗಿದ್ದಾನೆ ಅನ್ನುತ್ತದೆ. ನರ್ಸಮ್ಮ ಪರದೆ ನಂಬಿ ಇನ್ನೊಂದು ಹಾಸಿಗೆ ಕಡೆ ಹೋಗಿಬಿಟ್ಟರೆ?

ಡಾಕ್ಟರು ಜೇಬಿನಿಂದ ಪೆನ್ನು ತೆಗೆದರು. ಸಾರ್ ಆರ್ಡರ್ ಕಾಗದ ಮುಂದಿಟ್ಟರು. ಶಾಂತವ್ವ ನನ್ನ ಮುಖವನ್ನೇ ನೋಡುತ್ತಿದ್ದರು. ಸುಮ್ಮನಿದ್ದುಬಿಡೋಣ, ನಾಳೆ ಗುಟ್ಟಾಗಿ ತಿದ್ದಿದರಾಯಿತು ಅಂತ ನನಗೆ ಅನ್ನಿಸಲಿಲ್ಲ ಅಂದರೆ ಅದು ಹಸಿ ಸುಳ್ಳು. ಶೆಡ್ಡು ಕಣ್ಣ ಮುಂದೆ ಬಂತು, ಎಂಟು ಜನರ ಮುಖ ಬಂತು, ಯುಗಾದಿ ಬಂತು. ಪೆನ್ನಿನ ಟೊಪ್ಪಿ ಬಿಚ್ಚಿದ್ದೂ ಆಯಿತು.

"ಸಾರ್" ಅಂದೆ. "ಆ ಪೇಶಂಟ್ ನಾನು."

ಇಬ್ಬರೂ ತಿರುಗಿದರು. ನನ್ನನ್ನು ನೋಡಿದರು, ಪರದೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಪರದೆಯ ಮೇಲೆ ಎಂಬತ್ತೆಂಟು. ನನ್ನ ಎದೆ ಆಗ ನೂರಿಪ್ಪತ್ತು ದಾಟಿತ್ತು ಅಂತ ಪ್ರಮಾಣ ಮಾಡಿ ಹೇಳಬಲ್ಲೆ. ರಂಗನಾಥ್ ಸಾರ್ ಮುಖ ಸುಣ್ಣದ ಹಾಗಾಯಿತು. ಶಾಂತವ್ವ ಆಗ ಬಾಯಿ ಬಿಟ್ಟರು, "ವಾರ್ಡಿನ್ಯಾಗ ದಿನಾ ಕರೆಂಟ್ ಹೋಗ್ತೈತ್ರೀ. ಈ ಟೀವಿಗೆ ಬ್ಯಾಟ್ರಿ ಐತಿ, ಆ ಪೆಟ್ಟಿಗಿಗಿಲ್ಲ. ಅದಕ್ಕ ನೋಡಿದ್ನಿರೀ."

ಡಾಕ್ಟರು ಪೆನ್ನಿಗೆ ಟೊಪ್ಪಿ ಹಾಕಿದರು. ಬೈತಾರೆ ಅಂತ ತಲೆ ತಗ್ಗಿಸಿದೆ. "ಒಂದು ವಾರ ಬಿಟ್ಟು ಬನ್ನಿ. ನಾಳೆ ಬರೋ ಕಂಪನಿಯವರನ್ನೂ ಸಿಸ್ಟರ್ ಹೀಗೇ ನೋಡ್ತಾರೆ" ಅಂದರು.

ವಾಪಸ್ ಬರುವಾಗ ಸಾರ್ ವ್ಯಾನ್ ಓಡಿಸುತ್ತಾ ವಿಜಯನಗರದಿಂದ ಮಾಗಡಿ ರಸ್ತೆವರೆಗೆ ಒಂದು ಮಾತೂ ಆಡಲಿಲ್ಲ. ಸಿಗ್ನಲ್‌ನಲ್ಲಿ ಗಾಡಿ ನಿಂತಾಗ, "ಎಷ್ಟು ಹೊತ್ತು ಸುಮ್ಮನಿದ್ರೆ ಏನೋ ಆಗಿದೆ ಅಂತ ಲೆಕ್ಕ?" ಅಂದರು. "ಐದು ಸೆಕೆಂಡ್ ಸಾರ್." "ಹಾಗೇ ಬರಿ. ಮತ್ತೆ ನೀನೇ ಮಲಗು" ಅಂದರು. ಕೆಲಸ ಉಳಿದಿದೆ ಅಂತ ಅದರಿಂದ ನನಗೆ ಗೊತ್ತಾಯಿತು.

ಬರೆದೆ. ಐದು ಸೆಕೆಂಡು ಸುದ್ದಿ ಬರದಿದ್ದರೆ ಅಂಕಿ ಅಳಿಸಿ, ಕೆಂಪು ಗೆರೆ ಹಾಕಿ, ಕಿರುಚಬೇಕು. ವಾರ ಬಿಟ್ಟು ಹೋಗಿ ಮಲಗಿದೆ. ಶಾಂತವ್ವ ಪ್ಲಗ್ ಕಿತ್ತರು, ವೈರ್ ಕಿತ್ತರು, ನಡುವಿನ ಹಳೇ ಡಬ್ಬವನ್ನೇ ಆರಿಸಿದರು. ಪ್ರತಿ ಸಲವೂ ಐದು ಎಣಿಸುವಷ್ಟರಲ್ಲಿ ಪರದೆ ಹೊಡೆದುಕೊಂಡು ಕೂಗಿತು. "ಈಗ ಚಲೋ ಆತ್ರೀ" ಅಂದರು. ಹತ್ತು ಹಾಸಿಗೆಗೆ ಅಂದಿದ್ದ ಡಾಕ್ಟರು ನಾಲ್ಕಕ್ಕೆ ಸಹಿ ಹಾಕಿದರು. ಯುಗಾದಿಗೆ ಶೆಡ್ಡಿನ ಬಾಗಿಲಿಗೆ ಬೀಗದ ಬದಲು ಮಾವಿನ ತೋರಣ ಬಿತ್ತು.

ಸಹಿಯಾದ ಸಂಜೆ ಮನೆಗೆ ಹಾರಿಕೊಂಡು ಬಂದೆ. ವಿಮಲ ಹಾಲ್‌ನಲ್ಲಿ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ: ಅಲಾರಂ, ಆಕ್ಸಿಜನ್ ಸಿಲಿಂಡರ್, ನಲ್ಲಿ ನೀರು, ಶಾಂತವ್ವ, ಪೆನ್ನಿನ ಟೊಪ್ಪಿ. ಅವಳು ಅಲ್ಲಲ್ಲಿ ಹೂಂ ಅನ್ನುತ್ತಾ ಕೇಳುತ್ತಿದ್ದಳು. ಎಷ್ಟು ಚೆನ್ನಾಗಿ ಕೇಳ್ತಾಳೆ ಪಾಪ, ನಾನೊಬ್ಬ ಇದ್ದೀನಿ ದಂಡಪಿಂಡ, ಇನ್ನು ಮೇಲಾದರೂ ಇವಳ ಮಾತು ಕಿವಿಗೊಟ್ಟು ಕೇಳಬೇಕು ಅಂತ ಮನಸ್ಸು ತುಂಬಿ ಬಂತು. "'ಸಾರ್, ಆ ಪೇಶಂಟ್ ನಾನು' ಅಂದ್ಬಿಟ್ಟೆ ಕಣೇ!" ಅಂತ ಹೇಳಿ, ನಗಲಿ ಅಂತ ಕಾದೆ.

"ಹೂಂ" ಅಂದಳು.

ನನಗೆ ಎಲ್ಲೋ ಅನುಮಾನ ಬಂತು. ಮಾತು ಅಲ್ಲಿಗೇ ನಿಲ್ಲಿಸಿದೆ. ಅವರೆಕಾಯಿ ಮೊರಕ್ಕೆ ಬೀಳುತ್ತಲೇ ಇತ್ತು. ಮನಸ್ಸಿನಲ್ಲೇ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು.

"ಹೂಂ" ಅಂದಳು ವಿಮಲ, ತಲೆ ಎತ್ತದೆ. ರಾಗ ಒಂಚೂರೂ ತಪ್ಪಿರಲಿಲ್ಲ.