ಹನ್ನೊಂದು ಅತ್ಯುನ್ನತರು, ಒಂದೇ ಬಾಗಿಲು

ನ್ಯಾಯಾಲಯದ ಸಭಾಂಗಣಕ್ಕೆ ಒಂದೇ ಬಾಗಿಲಿಟ್ಟ ಮೇಸ್ತ್ರಿಗೆ ದಫೇದಾರ ಬೆಳಗಿನಿಂದ ಹಿಡಿಶಾಪ ಹಾಕುತ್ತಿದ್ದ. ಹತ್ತು ದೇಶಗಳ ಅತ್ಯುನ್ನತ ನ್ಯಾಯಾಲಯಗಳಿಂದ ಹನ್ನೊಂದು ಮುಖ್ಯ ನ್ಯಾಯಮೂರ್ತಿಗಳು ಸಮ್ಮೇಳನಕ್ಕೆ ಬಂದಿಳಿದಿದ್ದರು. ಒಂದು ದೇಶದಲ್ಲಿ ಸಂವಿಧಾನಕ್ಕೊಂದು, ಮಿಕ್ಕ ವ್ಯಾಜ್ಯಗಳಿಗೊಂದು ಎಂದು ಎರಡು ಅತ್ಯುನ್ನತ ನ್ಯಾಯಾಲಯಗಳಂತೆ. ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇಂಥವರಲ್ಲಿ ಯಾರನ್ನು ಮೊದಲು ಒಳಗೆ ಬಿಡುವುದು?

"ಯಾರಿಗಾದ್ರೂ ಬೇಜಾರಾಯ್ತೋ, ನಿನ್ನ ರಜೆ ಮರೆತುಬಿಡು" ಎಂದಿದ್ದರು ಇಲ್ಲಿನ ಮುಖ್ಯ ನ್ಯಾಯಮೂರ್ತಿಗಳಾದ ಅವನ ಸಾಹೇಬರು.

ಆ ರಜೆಯ ಮೇಲೆ ಅವನ ಜೀವವೇ ಇತ್ತು. ಮಗಳಿಗೆ ಹೆಣ್ಣು ಮಗು ಹುಟ್ಟಿ ತಿಂಗಳಾಗಿತ್ತು, ಅಜ್ಜ ಇನ್ನೂ ಮುಖ ನೋಡಿರಲಿಲ್ಲ. ಐದೂವರೆಯ ರೈಲು ತಪ್ಪಿದರೆ ಮತ್ತೊಂದು ನಾಲ್ಕು ದಿನಕ್ಕೆ. ಹೆಂಡತಿ ಆಗಲೇ ಗಂಟುಮೂಟೆ ಸಮೇತ ಸ್ಟೇಷನ್ನಿನಲ್ಲಿ ಕೂತಿದ್ದಳು.

ಬಿಟ್ಟಿ ಸಲಹೆಗೇನು ಬರ? ಅಕ್ಷರಮಾಲೆಯಂತೆ ಬಿಡು ಎಂದ ಬೆರಳಚ್ಚುಗಾರ. ಯಾವ ದೇಶದ ಅಕ್ಷರಮಾಲೆ ಎಂದು ಅಡ್ಡಬಾಯಿ ಹಾಕಿದ ಗ್ರಂಥಪಾಲಕ, ಹಳೆಯ ನ್ಯಾಯಾಲಯವೇ ಮೊದಲು ಎಂದ. ಹಳೆಯದೇನೋ ಇತ್ತು, ಆದರೆ ನಡುವೆ ಎರಡು ಸಲ ಬಾಗಿಲು ಮುಚ್ಚಿತ್ತು. ಅಡುಗೆಯವನು ವಯಸ್ಸು ನೋಡು ಎಂದ. ಕೇಳಿ ಬರಲು, ಬೆಕ್ಕಿಗೆ ಗಂಟೆ ಕಟ್ಟುವವರಾರು?

ಮೂರು ಗಂಟೆಗೆ ದಫೇದಾರನ ತಲೆಯಲ್ಲಿ ಮಿಂಚು ಹೊಡೆಯಿತು. ಅತಿಥಿಗಳೆಲ್ಲ ಬೇರೆ ಬೇರೆ ಕೋಣೆಗಳಲ್ಲಿದ್ದರು. ದುಭಾಷಿಯನ್ನು ಕರೆದುಕೊಂಡು ಒಂದೊಂದೇ ಕೋಣೆಗೆ ಹೋದ. ಎಲ್ಲರಿಗೂ ಒಂದೇ ಮಾತು: "ಒಳಗೆ ಕೂತಿರೋರು, ಆಮೇಲೆ ಬರೋರು ಎಲ್ಲ ತಮ್ಮನ್ನ ಸ್ವಾಗತಿಸೋಕೆ ಬಂದೋರು ಸ್ವಾಮಿ. ವಿಧ್ಯುಕ್ತ ಪ್ರವೇಶ ಅಂತ ಆಗೋದು ತಮ್ಮದೇ ಮೊದಲು."

ಹನ್ನೊಂದು ಮಂದಿಯೂ ಹಿಗ್ಗಿ ಹೀರೇಕಾಯಿಯಾದರು. ಬೆಳ್ಳಿಯ ಕೋಲು ಹಿಡಿದ ದಫೇದಾರನ ಹಿಂದೆ ಗಂಭೀರವಾಗಿ ಬಂದು ಕೂತರು. ಸಾಹೇಬರು ಅವನ ಬೆನ್ನು ತಟ್ಟಿದರು. ದಫೇದಾರನಿಗೆ ಮೊಮ್ಮಗಳನ್ನು ಎತ್ತಿಕೊಂಡಷ್ಟೇ ಸಂತೋಷವಾಯಿತು.

ಮೊದಲ ಭಾಷಣಕಾರರು ಎದ್ದು, ತಮ್ಮನ್ನು ಸ್ವಾಗತಿಸಲು ಬಂದ ಹತ್ತೂ ಮಂದಿಗೆ ಕೃತಜ್ಞತೆ ಹೇಳಿದರು. ಕೆಟ್ಟಿತು ಕೆಲಸ. ಸ್ವಾಗತಿಸಲು ಬಂದವರು ನೀವು, ಅತಿಥಿಗಳು ನಾವು ಎಂದು ಇನ್ನೊಬ್ಬರು ಎದ್ದರು. ಎರಡೇ ನಿಮಿಷದಲ್ಲಿ ಹನ್ನೊಂದೂ ಮಂದಿ ನಿಂತಿದ್ದರು. ದುಭಾಷಿಗಳು ಬೆವರೊರೆಸಿಕೊಂಡರು. ಕೊನೆಗೆ ವಿಚಾರಣೆಯೇ ಆಗಲಿ ಎಂದು ಹನ್ನೊಂದು ಅತ್ಯುನ್ನತ ನ್ಯಾಯಾಲಯಗಳು ಒಂದೇ ಪೀಠವಾಗಿ ಕೂತವು. ಇದ್ದ ಒಬ್ಬನೇ ಸಾಕ್ಷಿ ದಫೇದಾರ.

ಪ್ರಮಾಣ ಮಾಡಿಸಿ, ಮೊದಲು ಒಳಗೆ ಬಂದವರು ಯಾರು ಎಂದು ಕೇಳಿದರು. ಯಾರ ಹೆಸರು ಹೇಳಿದರೂ ಹತ್ತು ಮಂದಿಗೆ ಬೇಜಾರು, ಸುಳ್ಳು ಹೇಳಿದರೆ ಜೈಲು. ಗಡಿಯಾರ ಐದು ತೋರಿಸುತ್ತಿತ್ತು. ಕಣ್ಣು ಮುಚ್ಚಿ ಇದ್ದದ್ದನ್ನೇ ಹೇಳಿದ.

"ಎಲ್ಲರಿಗಿಂತ ಮೊದಲು ಒಳಗೆ ಬಂದೋನು ನಾನು ಸ್ವಾಮಿ. ದಾರಿ ಬಿಡಿಸ್ತಾ ಮುಂದೆ ನಡೆದದ್ದು ನಾನೇ."

ದುಭಾಷಿಗಳು ಅದನ್ನು ಹೇಳಿ ಮುಗಿಸಿದರು. ಆಮೇಲೆ ನಗು ಭೋರ್ಗರೆಯಿತು. ದಫೇದಾರನೇ ಮೊದಲಿಗ, ಮಿಕ್ಕವರೆಲ್ಲ ಸಮಾನರು ಎಂದು ಸರ್ವಾನುಮತದ ತೀರ್ಪಾಯಿತು. ಬದುಕಿದೆಯಾ ಬಡಜೀವವೇ ಎಂದುಕೊಂಡು ಅವನು ಕೈಮುಗಿದು ಬಾಗಿಲಿನತ್ತ ಓಡಿದ.

"ನಿಲ್ಲಪ್ಪ" ಎಂದರು ಪೀಠದ ಹಿರಿಯರು. "ತೀರ್ಪು ಇನ್ನೂ ಮುಗಿದಿಲ್ಲ. ಹೊರಗೆ ಹೋಗುವಾಗ ಮತ್ತೆ ಜಗಳ ಬೇಡ ನೋಡು. ಮೊದಲು ಬಂದೋನು ಕೊನೆಗೆ ಹೋಗಬೇಕು. ಹನ್ನೊಂದು ಭಾಷಣ ಆಗಲಿ, ನಾವೆಲ್ಲ ಹೊರಡ್ತೀವಿ, ಆಮೇಲೆ ನೀನು."

ದಫೇದಾರ ತೊದಲಿದ. "ಮೇಲ್ಮನವಿಗೆ ಏನಾದ್ರೂ ಅವಕಾಶ ಇದೆಯಾ ಸ್ವಾಮಿ?"

ಹನ್ನೊಂದು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮುನಿಸಿಕೊಂಡಿದ್ದ ಆ ಇಬ್ಬರೂ ಸೇರಿ.

"ನಮ್ಮ ಮೇಲೆ ಯಾರಿದ್ದಾರಪ್ಪ?" ಎಂದರು.