ಕೈ ಬಿಟ್ಟರೂ ಬಿಡದ ಸ್ವರ

ಹನ್ನೆರಡು ಮಹಡಿಯ ಲಿಫ್ಟನ್ನೇ ಎತ್ತಿ ಇಳಿಸುವವನಿಗೆ ಒಂದು ಸ್ವರ ಎತ್ತುವುದು ಯಾವ ಮಹಾ ವಿದ್ಯೆ! ಲಿಫ್ಟ್ ರಿಪೇರಿಯೇ ನನ್ನ ಕಸುಬು. ಹಾಗಾಗಿ ಭಾನುವಾರ ಬೆಳಿಗ್ಗೆ ಶ್ರೀಮತಿಯ ಮುಂದೆ ಘೋಷಿಸಿಯೇಬಿಟ್ಟೆ: "ಇವತ್ತು ನಿನ್ನ ಹಾಡಿಗೆ ನಾನೇ ಪಕ್ಕವಾದ್ಯ!"

ಅವಳ ಮುಖ ಬಿಳಿಚಿಕೊಂಡಿತು. ಹನ್ನೊಂದು ವರ್ಷ ಅಡುಗೆಮನೆಯಲ್ಲಷ್ಟೇ ಗುನುಗುತ್ತಿದ್ದವಳು ಊರಿನ ಗಾಯನ ತಂಡಕ್ಕೆ ಅರ್ಜಿ ಹಾಕಿದ್ದಳು. ತಂಡದ ಮೇಡಂ ಅಂದೇ ಸಂಜೆ ನಾಲ್ಕು ಗಂಟೆಗೆ ಮನೆಗೇ ಬಂದು ಅವಳ ಕಂಠ ಪರೀಕ್ಷಿಸುವವರಿದ್ದರು.

"ರೀ, ಹನ್ನೊಂದು ವರ್ಷ ಆದ್ಮೇಲೆ ಬಾಯಿ ತೆರೀತಿದೀನಿ. ದಯವಿಟ್ಟು ಕೆಡಿಸ್ಬೇಡಿ."

ಬಾಯಿ ತೆರೆದು ಹನ್ನೊಂದು ವರ್ಷವಾಯಿತೇ! ಈ ಅನುಮಾನವನ್ನು ಅಲ್ಲೇ ನುಂಗಿಕೊಂಡೆ.

ನನ್ನ ಕೀಬೋರ್ಡಿನ ಸ್ವಂತ ದನಿಯೋ, ನೆಗಡಿಯಾದ ಸೊಳ್ಳೆಯದು. ಅದಕ್ಕೇ ಸಹೋದ್ಯೋಗಿಯಿಂದ ಎರಡು ಎಲೆಕ್ಟ್ರಾನಿಕ್ ಪೆಟ್ಟಿಗೆ ತಂದಿದ್ದೆ. ಒಂದರಲ್ಲಿ ಪಿಟೀಲಿನ ದನಿ, ಇನ್ನೊಂದರಲ್ಲಿ ತಾಳವಾದ್ಯಗಳದು. ಪೆಟ್ಟಿಗೆಗಳಿಗೆ ಸ್ಪೀಕರ್ ಕಟ್ಟಿ, ಕೀಬೋರ್ಡಿನಿಂದ ಮಿಡಿ ಎಂಬ ಕೇಬಲ್ ಎಳೆದರಾಯಿತು: ಇಲ್ಲಿ ಒತ್ತಿದರೆ ಅಲ್ಲಿ ನುಡಿಯುತ್ತದೆ. ಸಂಸಾರದ ಗುಟ್ಟೇ ಹೊಂದಾಣಿಕೆ ಎಂದುಕೊಂಡು ಕೀಬೋರ್ಡಿನ ಔಟ್‌ಗೆ ಪೆಟ್ಟಿಗೆಯ ಔಟ್, ಇನ್‌ಗೆ ಇನ್ ಜೋಡಿಸಿ ಒತ್ತಿದೆ. ನಿಶ್ಶಬ್ದ! ಎರಡು ಗಂಟೆ ಒತ್ತಿದೆ. ನನ್ನ ಎದೆ ಮಿಡಿಯುವುದು ಕೇಳಿಸಿತೇ ಹೊರತು ಮಿಡಿ ಮಿಸುಕಲಿಲ್ಲ.

ಶ್ರೀಮತಿ ಬಗ್ಗಿ ನೋಡಿದಳು. "ಇಬ್ರೂ ಮಾತಾಡ್ತಾನೇ ಇದ್ರೆ ಕೇಳೋರ್ಯಾರು? ಒಬ್ರು ಹೇಳ್ಬೇಕು, ಒಬ್ರು ಕೇಳ್ಬೇಕು. ಇದರ ಔಟ್ ಅದರ ಇನ್‌ಗೆ ಹಾಕಿ."

ಈ ವ್ಯವಸ್ಥೆ ನಮ್ಮ ಮನೆಯಲ್ಲಿ ಮದುವೆಯಂದಿನಿಂದ ಜಾರಿಯಲ್ಲಿದ್ದರೂ ನನಗೆ ಹೊಳೆದಿರಲಿಲ್ಲ! ಹಾಗೇ ಹಾಕಿ ಷಡ್ಜ ಒತ್ತಿದೆ. ಸೀಟಿ ಊದಿತು! ರಿಷಭ ಒತ್ತಿದೆ. ಡೋಲು! ಗಾಂಧಾರಕ್ಕೆ ಅಟ್ಟದಿಂದ ಕೊಡ ಉರುಳಿದ ಸದ್ದು! ಗಡಿಬಿಡಿಯಲ್ಲಿ ಕೇಬಲ್ ತಾಳದ ಪೆಟ್ಟಿಗೆಗೆ ಹೋಗಿತ್ತು.

ಒಳಗಿಂದ ನನ್ನತ್ತೆ ಕೂಗಿದರು: "ಏನೇ ಅದು, ಏನ್ ಬಿತ್ತು?"

"ಏನೂ ಬಿದ್ದಿಲ್ಲಮ್ಮ, ನಿನ್ನ ಅಳಿಯ ರಾಗ ಎತ್ತಿದ್ರು!"

ಕೇಬಲನ್ನು ಪಿಟೀಲಿನ ಪೆಟ್ಟಿಗೆಗೆ ಸಿಕ್ಕಿಸುವುದಕ್ಕೂ ಕರೆಗಂಟೆ ಮೊಳಗುವುದಕ್ಕೂ ಸರಿಹೋಯಿತು. ಮೇಡಂ! ಅವರು ನನ್ನನ್ನೂ ವೈರುಗಳನ್ನೂ ಒಂದೇ ನೋಟದಲ್ಲಿ ನೋಡಿ, "ಶುರು ಮಾಡಿ" ಎಂದರು.

ಶ್ರೀಮತಿ ನನ್ನ ಪಕ್ಕಕ್ಕೆ ಬಂದು ನಿಂತಳು. ಷಡ್ಜ ಒತ್ತಿದೆ. ಆಹಾ, ಪಿಟೀಲು! ಅಷ್ಟರಲ್ಲಿ ತಾಳ ಹಾಕಹೊರಟ ನನ್ನ ಕಾಲು ತಗುಲಿ ಕೇಬಲ್ ಕಿತ್ತುಬಂತು. ಗಾಬರಿಯಿಂದ ಬೆರಳು ತೆಗೆದೆ. ಸ್ವರ ನಿಲ್ಲಲಿಲ್ಲ! ಕೀಬೋರ್ಡನ್ನೇ ಆರಿಸಿದೆ. ಊಹೂಂ! ಬೆರಳಿಲ್ಲ, ಕೇಬಲಿಲ್ಲ, ಕೀಬೋರ್ಡಿಗೆ ಕರೆಂಟೂ ಇಲ್ಲ, ಆದರೂ ಪೆಟ್ಟಿಗೆ "ಸಾ..." ಎನ್ನುತ್ತಲೇ ಇದೆ! 'ನುಡಿ' ಎಂಬ ಅಪ್ಪಣೆ ಪೆಟ್ಟಿಗೆಗೆ ತಲುಪಿತ್ತು. 'ನಿಲ್ಲು' ಎನ್ನುವ ಮೊದಲೇ ನಾನು ದಾರಿ ಕಿತ್ತಿದ್ದೆ. ಈ ಜ್ಞಾನೋದಯವಾದದ್ದು ಮಾತ್ರ ಮರುದಿನ.

ಪೆಟ್ಟಿಗೆಯ ಕತ್ತು ಹಿಸುಕಲು ಧಾವಿಸಿದೆ. ಶ್ರೀಮತಿ ನನ್ನ ಮಣಿಕಟ್ಟು ಹಿಡಿದಳು. "ಮುಟ್ಟಿದ್ರೆ ನೋಡಿ!" ಎಂದು ಪಿಸುಗುಟ್ಟಿ, ಕಣ್ಣು ಮುಚ್ಚಿ ಹಾಡತೊಡಗಿದಳು. ಆ ಒಂಟಿ ಸ್ವರಕ್ಕೆ ಆತುಕೊಂಡ ಅವಳ ದನಿ ಮೊದಲು ಅಂಜಿತು, ತಡವರಿಸಿತು, ಆಮೇಲೆ ಏರಿದ್ದೇ ಏರಿದ್ದು! ಇಷ್ಟು ವರ್ಷ ಇದು ನಮ್ಮ ಒಲೆಯ ಮುಂದೆಯೇ ಇತ್ತಲ್ಲ! ಮಣಿಕಟ್ಟನ್ನು ಮಾತ್ರ ಅವಳು ಕೊನೆಯವರೆಗೂ ಬಿಡಲಿಲ್ಲ.

ಹಾಡು ಮುಗಿಯಿತು. ಮೇಡಂ ಪೆಟ್ಟಿಗೆಯತ್ತ ಒಮ್ಮೆ ನೋಡಿ, ಶ್ರೀಮತಿಗೆ ಹೇಳಿದರು: "ಬುಧವಾರದಿಂದ ತಂಡಕ್ಕೆ ಬನ್ನಿ. ಶ್ರುತಿ ಅಂದ್ರೆ ಹೀಗಿರ್ಬೇಕು, ಒಂಚೂರೂ ಅಲುಗಾಡ್ಲಿಲ್ಲ! ಪಕ್ಕವಾದ್ಯಾನೂ ಕರ್ಕೊಂಡ್ಬನ್ನಿ."

ನಾನು ಎದೆಯುಬ್ಬಿಸಿ ಎದ್ದೆ. "ಖಂಡಿತ ಬರ್ತೀನಿ ಮೇಡಂ!"

"ನೀವಲ್ಲ, ಆ ಪೆಟ್ಟಿಗೆ. ನೀವು ಕೈ ತೆಗೆದ್ಮೇಲೇ ಅದು ಸರಿಯಾಗಿ ನುಡಿದಿದ್ದು."

ನನ್ನ ಮುಖ ನೋಡಿ ಶ್ರೀಮತಿಗೆ ಕನಿಕರ ಬಂತು.

"ಇವರೂ ಬರ್ಲಿ ಮೇಡಂ. ಪೆಟ್ಟಿಗೆ ಹೊರೋಕೆ ಒಬ್ರು ಬೇಕಲ್ಲ!"