ಗೌರವ್ವನ ಜೊತೆ ಚಹಾ

ಈಜು ಕಲಿಸುವವನಿಗೆ ಈಜು ಬರಲೇಬೇಕು. ಕಾಲೇಜಿನ ಮೇಷ್ಟರಿಗೆ ಅಂಥ ಕಟ್ಟುಪಾಡಿಲ್ಲ. ಇದ್ದಿದ್ದರೆ ತೊಂಬತ್ತರ ದಶಕದಲ್ಲಿ ಸೊಲ್ಲಾಪುರದಲ್ಲಿ ನನಗೆ ಆ ಕೆಲಸ ಸಿಗುತ್ತಿರಲಿಲ್ಲ. ಡಾಕ್ಟರಿಕೆ, ನರ್ಸಿಂಗ್, ಸಮಾಜಕಾರ್ಯ ಓದುವ ಮಕ್ಕಳಿಗೆ ಕೂಡಿ ದುಡಿಯುವುದನ್ನು ಕಲಿಸುವ ಕೆಲಸ ಅದು. ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಸೇರಿ ಒಂದು ಸೊಳ್ಳೆ ಪರದೆ ಕಟ್ಟಲಾರೆವು. ಒಬ್ಬರು ಹಾಕಿದ ಗಂಟನ್ನು ಇನ್ನೊಬ್ಬರು ಬಿಚ್ಚುತ್ತೇವೆ. ಆದರೂ ಆ ವಿಷಯದ ಮೇಲೆ ನಾನು ತಾಸುಗಟ್ಟಲೆ ಮಾತಾಡಬಲ್ಲೆ.

ತರಬೇತಿ ಶಿಬಿರಕ್ಕೆಂದು ಅಕ್ಕಲಕೋಟ ತಾಲ್ಲೂಕಿನ ಚಪಳಗಾಂವವನ್ನು ಆರಿಸಿಕೊಂಡೆವು. ಡಾಕ್ಟರಿಕೆ ಓದುವ ಪ್ರಕಾಶ, ನರ್ಸಿಂಗಿನ ಸವಿತಾ, ಸಮಾಜಕಾರ್ಯದ ಮಹಾದೇವ ಈ ಮೂವರ ಪಾಲಿಗೆ ಗೌರವ್ವನ ಮನೆ ಬಂತು. ಗೌರವ್ವನಿಗೆ ಸಕ್ಕರೆ ಕಾಯಿಲೆ. ಕಾಲಬೆರಳಿನ ಗಾಯ ಮಾಯುತ್ತಿರಲಿಲ್ಲ. ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾದೀತೆಂದು ಪ್ರಕಾಶನ ಮೇಷ್ಟರಾದ ಡಾಕ್ಟರು ಹೇಳಿದ್ದರು. ಪ್ರಕಾಶ ಬೆಳಿಗ್ಗೆ ಹೋಗಿ ಗುಳಿಗೆ ಕೊಡುತ್ತಿದ್ದ, ಸವಿತಾ ಮಧ್ಯಾಹ್ನ ಪಟ್ಟಿ ಕಟ್ಟುತ್ತಿದ್ದಳು, ಮಹಾದೇವ ಸಂಜೆ ಹೋಗಿ ಪಥ್ಯದ ಮಾತಾಡುತ್ತಿದ್ದ. ಸಕ್ಕರೆ ಮಾತ್ರ ಏರುತ್ತಲೇ ಹೋಯಿತು. ಪ್ರಕಾಶ ಪಟ್ಟಿಯನ್ನು ಬೈದ, ಸವಿತಾ ಗುಳಿಗೆಯನ್ನು ಬೈದಳು. "ಮಹಾದೇವ ಬರೇ ಮಾತಾಡತಾನ" ಎಂಬಲ್ಲಿ ಇಬ್ಬರೂ ಒಂದಾದರು. ಅದನ್ನೇ ನಾನು ಪ್ರಗತಿ ಎಂದುಕೊಂಡೆ.

ಕೊನೆಗೆ ಒಂದು ದಿನ ಮೂವರೂ ಜಗಳಾಡುತ್ತಲೇ ಅವಳ ಮನೆಗೆ ಹೋಗಿ, ಸಕ್ಕರೆ ಏರುವುದೇಕೆಂದು ಕೇಳಿದರು.

"ನೀವ ಹೇಳೀರಲ್ಲ, ಒಂದ ಕಪ್ ಚಾಕ್ಕ ಅಡ್ಡಿ ಇಲ್ಲಂತ," ಎಂದಳು ಗೌರವ್ವ. "ಮೂರೂ ಮಂದಿ ಹೇಳೀರಿ. ಮನಿಗಿ ಬಂದವರನ್ನಷ್ಟ ಕುಡ್ಯಾಕ ಬಿಟ್ಟು ಮಾರಿ ನೋಡ್ಕೋತ ಕೂಡೋ ರೂಢಿ ನಮ್ಮ ಮನ್ಯಾಗಿಲ್ಲರಿ."

ಸಕ್ಕರೆ ಬೇಡವೆಂದು ಹೇಳಲು ಹೋದವರೇ ಸರದಿಯ ಮೇಲೆ ದಿನಕ್ಕೆ ಮೂರು ಕಪ್ಪು ಸಕ್ಕರೆ ಚಹಾ ಕುಡಿಸಿ ಬರುತ್ತಿದ್ದರು. ಸಪ್ಪೆ ಚಹಾ ಕೊಟ್ಟರೆ ಬಂದವರಿಗೆ ಅವಮಾನ ಎಂದು ಅವಳು ಒಪ್ಪಲಿಲ್ಲ. ಇನ್ನು ಮೂವರೂ ಕೂಡಿಯೇ ಬರುವುದು, ಎಲ್ಲರೂ ಮಜ್ಜಿಗೆ ಕುಡಿಯುವುದು ಎಂದು ತೀರ್ಮಾನವಾಯಿತು. ದಿನ ಕಳೆದಂತೆ ಗಾಯ ಒಣಗತೊಡಗಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನ ಪಾಠ ಫಲಿಸಿತೆಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳಿದೆ.

ಕಣ್ಣಾರೆ ನೋಡೋಣವೆಂದು ಒಂದು ಸಂಜೆ ಬಸ್ಸು ಹಿಡಿದು ಹೋದೆ. ಗೌರವ್ವ ಕಂಬಳಿ ಹಾಸಿ ಕೂಡಿಸಿದಳು. ಸೊಸೆ ಶುಂಠಿ ಹಾಕಿದ ಚಹಾ ತಂದಳು. ಬಹಳ ಚೆನ್ನಾಗಿತ್ತು, ಇನ್ನರ್ಧ ಕಪ್ಪು ಕೇಳಿ ಹಾಕಿಸಿಕೊಂಡೆ. ಅಷ್ಟರಲ್ಲಿ ಸವಿತಾ ಬಾಗಿಲಲ್ಲಿ ಬಂದು ನಿಂತಳು.

"ಸರ್, ಮುಂಜಾನಿ ಡಾಕ್ಟರ್ ಸರ್ ಬಂದು ಚಾ ಕುಡದು ಹೋಗ್ಯಾರ. ಮಧ್ಯಾಹ್ನ ನಮ್ಮ ನರ್ಸಿಂಗ್ ಮೇಡಂ ಬಂದಿದ್ರು. ಈಗ ನೀವು."

"ಮತ್ತ ಮಜ್ಜಿಗಿ ಅಂತ ಠರಾವ್ ಆಗಿತ್ತಲ್ಲವಾ?" ಎಂದೆ.

"ಅದು ಹುಡುಗರಿಗಿ ಸರ್. ಮಾಸ್ತರ ಮಂದಿಗಿ ಮಜ್ಜಿಗಿ ಕೊಟ್ಟು ಹ್ಯಾಂಗ ಕಳಸೋದು ಅಂತಾಳ ಅಜ್ಜಿ. ಮುಂದಿನ ಸಲ ಮೂರೂ ಮಂದಿ ಕೂಡೇ ಬರ್ರಿ ಸರ್. ಬೇಕಾದ್ರ ಹ್ಯಾಂಗ ಅಂತ ನಾವು ಹೇಳಿಕೊಡ್ತೀವಿ."

ನಾನು ಕಪ್ಪು ಕೆಳಗಿಟ್ಟು ಗೌರವ್ವನ ಕಪ್ಪಿನತ್ತ ನೋಡಿದೆ. ಅವಳೂ ನನ್ನ ಸಮಕ್ಕೆ ಇನ್ನರ್ಧ ಹಾಕಿಸಿಕೊಂಡು ಮುಗಿಸಿದ್ದಳು. ಆ ಶಿಬಿರದಲ್ಲಿ ನಾನು ಇನ್ನೊಬ್ಬರ ಜೊತೆ ಕೂಡಿ ಮಾಡಿದ ಕೆಲಸ ಅದೊಂದೇ.